ಹಿಡಿತದ ಬಲ: ಕೆಟಲ್‌ಬೆಲ್ ಮತ್ತು ಮನೆಯಲ್ಲೇ ಮಾಡಿದ ಮುದ್ಗರ – ಪದೇ ಪದೇ ಕೇಳುವ ಪ್ರಶ್ನೆಗಳು

ಮಹಾರಾಷ್ಟ್ರದ ಸೊಲ್ಲಾಪುರ ಜಿಲ್ಲೆಯ ಅಕ್ಕಲಕೋಟೆ ತಾಲ್ಲೂಕಿನ ನಮ್ಮ ಊರಿನಲ್ಲಿ ಮನೆಮಾತು ಕನ್ನಡ, ಹೊಲದ ಸಾತ್‌ಬಾರಾ ಉತಾರ (ಪಹಣಿ) ಮರಾಠಿ, ತಾಲೀಮಿನ (ಗರಡಿಮನೆಯ) ಬೈಗುಳ ಎರಡೂ ಸೇರಿದ್ದು. ಆ ತಾಲೀಮಿನ ಹಿಂದಿನ ಅಂಗಳದಲ್ಲಿ ಬೆಳಗ್ಗೆ ಐದೂವರೆಗೆ ಐದಾರು ಜನ ಸೇರುತ್ತೇವೆ. ನನಗೆ ಕುಸ್ತಿ ಹಿಡಿಯುವ ವಯಸ್ಸು ದಾಟಿದೆ. ಈಗ ನನ್ನ ಪಾಲಿಗೆ ಉಳಿದಿರುವುದು ಎರಡು ಕೆಟಲ್‌ಬೆಲ್ (ಮೇಲೆ ಹಿಡಿಕೆಯಿರುವ ಕಬ್ಬಿಣದ ಗುಂಡು), ಏಳು ಮುದ್ಗರ (ಹಿಡಿದು ತಿರುಗಿಸುವ, ತುದಿ ದಪ್ಪಗಿರುವ ದೊಣ್ಣೆ) ಮತ್ತು ಹೊಸದಾಗಿ ಬಂದವರೆಲ್ಲ ಕೇಳುವ ಅವೇ ಪ್ರಶ್ನೆಗಳು. ಹೇಳಿ ಹೇಳಿ ಬಾಯಿ ನೋಯುತ್ತಿದ್ದುದರಿಂದ ಬರೆದಿಟ್ಟಿದ್ದೇನೆ.

ಹಿಡಿತದ ಬಲ ಎಂದರೆ ಮುಷ್ಟಿ ಬಿಗಿಯುವ ಬಲವೇ?

ಕೈಕುಲುಕುವ ನೆಪದಲ್ಲಿ ಎದುರಿನವನ ಮುಖ ಕಿವುಚುವಂತೆ ಮಾಡುವವರು ಎಲ್ಲ ಊರಲ್ಲೂ ಇರುತ್ತಾರೆ. ಅದು ಹಿಡಿತದ ಒಂದು ಬಗೆ. ಎಮ್ಮೆ ಹಿಂಡುವವರಿಗೆ, ಒದ್ದೆ ಕಂಬಳಿ ಹಿಂಡುವವರಿಗೆ ಅದು ತಾನಾಗಿ ಬಂದಿರುತ್ತದೆ. ಎರಡನೆಯದು ಹಿಡಿದದ್ದನ್ನು ಬಿಡದೆ ಉಳಿಸಿಕೊಳ್ಳುವ ಬಲ: ಕೈಯಲ್ಲಿ ತುಂಬಿದ ಕೊಡ ಹಿಡಿದು ಬಾವಿಯಿಂದ ಮನೆಯವರೆಗೆ ನಡೆಯುವಾಗ ಬೇಕಾಗುವುದು. ಮೂರನೆಯದು ಚಿವುಟು ಹಿಡಿತ, ಹೆಬ್ಬೆರಳು ಒಂದು ಕಡೆ, ಉಳಿದ ನಾಲ್ಕು ಇನ್ನೊಂದು ಕಡೆ. ದುಧನಿ ಮಾರುಕಟ್ಟೆಯಲ್ಲಿ ತೊಗರಿ ಚೀಲದ ಕಿವಿ ಹಿಡಿದು ಲಾರಿಗೆ ಏರಿಸುವ ಹಮಾಲರನ್ನು ಒಮ್ಮೆ ನಿಂತು ನೋಡಿ, ಅರ್ಥವಾಗುತ್ತದೆ. ನಾಲ್ಕನೆಯದು ಮಣಿಕಟ್ಟಿನ ಬಲ. ಉದ್ದ ಕಾವಿನ ತುದಿಯಲ್ಲಿ ಭಾರವಿದ್ದಾಗ ಅದು ವಾಲದಂತೆ ತಡೆಯುವುದು ಇದರ ಕೆಲಸ.

ಕೆಟಲ್‌ಬೆಲ್ ಎರಡನೆಯದನ್ನು ಬೆಳೆಸುತ್ತದೆ, ಮುದ್ಗರ ನಾಲ್ಕನೆಯದನ್ನು. ಮೊದಲನೆಯದು ಇವೆರಡರ ಬೆನ್ನಿಗೇ ಬರುತ್ತದೆ. ಮೂರನೆಯದಕ್ಕೆ ಬೇರೆ ಉಪಾಯ ಬೇಕು, ಕೆಳಗೆ ಹೇಳಿದ್ದೇನೆ. ಮುಂದೆ ಓದುತ್ತ ಓದುತ್ತ ಇವನು ಒಂದೇ ಮಾತನ್ನು ಹತ್ತು ಬಗೆಯಲ್ಲಿ ಹೇಳುತ್ತಿದ್ದಾನಲ್ಲ ಎಂದು ಅನ್ನಿಸಿದರೆ, ಸರಿಯಾಗಿಯೇ ಅನ್ನಿಸಿದೆ. ಆ ಮಾತು ಇಷ್ಟೇ: ನೀವು ವಸ್ತುವನ್ನು ಹಿಚುಕುವುದಕ್ಕಿಂತ ಹೆಚ್ಚಾಗಿ, ವಸ್ತು ನಿಮ್ಮ ಕೈಯಿಂದ ಕಿತ್ತುಕೊಂಡು ಹೋಗಲು ನೋಡುವಾಗ ಹಿಡಿತ ಬೆಳೆಯುತ್ತದೆ.

ಬೆರಳಿಗೆ ಕೆಲಸ ಕೊಟ್ಟರೆ ಮುಂಗೈ ಏಕೆ ನೋಯುತ್ತದೆ?

ಬೆರಳುಗಳ ಒಳಗೆ ಅವನ್ನು ಮಡಿಸುವ ಮಾಂಸಖಂಡಗಳೇ ಇಲ್ಲ. ಬೆರಳನ್ನು ಎಳೆಯುವ ದೊಡ್ಡ ಸ್ನಾಯುಗಳು ಇರುವುದು ಮೊಣಕೈಯಿಂದ ಕೆಳಗೆ, ಮುಂಗೈಯಲ್ಲಿ. ಅಲ್ಲಿಂದ ಸ್ನಾಯುರಜ್ಜುಗಳು ಬಾವಿಯ ಹಗ್ಗದಂತೆ ಮಣಿಕಟ್ಟು ದಾಟಿ ಬೆರಳಿಗೆ ಹೋಗುತ್ತವೆ. ಮಣಿಕಟ್ಟಿನ ಒಳಭಾಗದ ಕಿರಿದಾದ ಸುರಂಗದಲ್ಲಿ ಒಂಬತ್ತು ರಜ್ಜುಗಳೂ ಒಂದು ನರವೂ ಒತ್ತೊತ್ತಾಗಿ ಹಾದುಹೋಗುತ್ತವೆ. ಆದ್ದರಿಂದ ಮೊದಲ ವಾರ ಮುಂಗೈ ಬಿಗಿದುಕೊಂಡರೆ ಗಾಬರಿ ಬೇಡ. ಮೊಣಕೈಯ ಮೂಳೆಯ ಹತ್ತಿರ ಒಂದು ಚುಕ್ಕೆಯಷ್ಟು ಜಾಗದಲ್ಲಿ ಚುಚ್ಚಿದರೆ ಅದು ಬೇರೆ ಕಥೆ, ಮುಂದೆ ಬರುತ್ತದೆ.

ಹಾಗೆಯೇ ಒಂದು ಪರೀಕ್ಷೆ ಮಾಡಿ ನೋಡಿ. ಮಣಿಕಟ್ಟನ್ನು ಪೂರ್ತಿ ಒಳಕ್ಕೆ ಮಡಿಸಿ ಮುಷ್ಟಿ ಬಿಗಿಯಿರಿ. ಬಿಗಿಯಲಾಗುವುದಿಲ್ಲ, ಹಗ್ಗ ಸಡಿಲಾಗಿರುತ್ತದೆ. ಮಣಿಕಟ್ಟು ನೇರವಾಗಿ, ಚೂರು ಹಿಂದಕ್ಕೆ ವಾಲಿದ್ದಾಗಲೇ ಹಿಡಿತ ಗಟ್ಟಿ. ಈಗ ಹೇಳುವ ಎಲ್ಲ ವ್ಯಾಯಾಮಗಳಿಗೂ ಇದೇ ಮೊದಲ ಪಾಠ.

ಕೆಟಲ್‌ಬೆಲ್ ಯಾವ ದೇಶದ್ದು?

ರಷ್ಯಾದ್ದು. ಅಲ್ಲಿ ಅದರ ಹೆಸರು ಗಿರಿಯಾ. ಮೊದಲು ಅದು ಧಾನ್ಯ ತೂಗುವ ಬಟ್ಟಾಗಿತ್ತು, ನಮ್ಮ ಅಡತಿ ಅಂಗಡಿಯ ತೂಕದ ಕಲ್ಲಿನ ಹಾಗೆ. ತೂಗುವವರು ಬಿಡುವಿನಲ್ಲಿ ಎತ್ತಾಡಿ ಬಲ ಪರೀಕ್ಷಿಸಿಕೊಳ್ಳಲು ಶುರುಮಾಡಿದರು, ಅದೇ ಆಟವಾಯಿತು. ಅಲ್ಲಿನ ಹಳೆಯ ಅಳತೆ ಪೂಡ್, ಅಂದರೆ ಸುಮಾರು 16.4 ಕಿಲೋ. ಕೆಟಲ್‌ಬೆಲ್‌ಗಳು 16, 24, 32 ಕಿಲೋ ಎಂಬ ವಿಚಿತ್ರ ಅಂಕಿಗಳಲ್ಲಿ ಬರುವುದು ಇದೇ ಕಾರಣಕ್ಕೆ: ಒಂದು ಪೂಡ್, ಒಂದೂವರೆ, ಎರಡು. ಸಂತೆಯ ತಕ್ಕಡಿಯಿಂದ ಗರಡಿಗೆ ಬಂದ ವಸ್ತು ಎಂದು ತಿಳಿದ ದಿನದಿಂದ ನನಗೆ ಅದು ಪರಕೀಯ ಎನ್ನಿಸಿಲ್ಲ.

ಎಷ್ಟು ಕಿಲೋದ್ದು ಕೊಳ್ಳಬೇಕು?

ಹೊಲದ ಕೆಲಸ ಮಾಡಿ ಗೊತ್ತಿರುವ ಗಂಡಸರಿಗೆ 16, ಹೆಂಗಸರಿಗೆ 8 ಅಥವಾ 12. ದಿನವಿಡೀ ಕುರ್ಚಿಯಲ್ಲಿ ಕೂರುವವರು ಇನ್ನೊಂದು ಮೆಟ್ಟಿಲು ಕೆಳಗಿನಿಂದ ಆರಂಭಿಸಿದರೆ ಮರ್ಯಾದೆಯೇನೂ ಹೋಗುವುದಿಲ್ಲ. ಕೊಳ್ಳುವಾಗ ತೂಕಕ್ಕಿಂತ ಹಿಡಿಕೆಯನ್ನು ನೋಡಿ. ಸ್ಪರ್ಧೆಗೆ ಬಳಸುವ ಉಕ್ಕಿನ ಕೆಟಲ್‌ಬೆಲ್‌ಗಳ ಗಾತ್ರ ಎಲ್ಲ ತೂಕಕ್ಕೂ ಒಂದೇ, ಬಣ್ಣದಿಂದ ತೂಕ ಗುರುತಿಸುತ್ತಾರೆ: 16 ಹಳದಿ, 24 ಹಸಿರು, 32 ಕೆಂಪು. ಅದರ ಹಿಡಿಕೆ 33 ಅಥವಾ 35 ಮಿಲಿಮೀಟರ್ ದಪ್ಪ. ಎರಕದ ಕಬ್ಬಿಣದ್ದರಲ್ಲಿ ತೂಕ ಹೆಚ್ಚಿದಂತೆ ಗಾತ್ರವೂ, ಬಹಳ ಸಲ ಹಿಡಿಕೆಯ ದಪ್ಪವೂ ಹೆಚ್ಚುತ್ತದೆ. ಹಿಡಿತ ಬೆಳೆಸುವವರಿಗೆ ಅದು ತೊಂದರೆಯಲ್ಲ, ಲಾಭ. ಆದರೆ ಹಿಡಿಕೆಯ ಒಳಮೈಯಲ್ಲಿ ಎರಕದ ಅಂಚು ಏರಿದ್ದರೆ ಅಂಗೈ ಹರಿದುಹೋಗುತ್ತದೆ. ಅಂಗಡಿಯಲ್ಲೇ ಬೆರಳಾಡಿಸಿ ನೋಡಿ. ದಪ್ಪ ಬಣ್ಣ ಬಳಿದು ಫಳಫಳ ಹೊಳೆಯುವುದು ಬೆವರಿದ ಕೈಯಲ್ಲಿ ಜಾರುತ್ತದೆ.

ಕೊಳ್ಳಲು ದುಡ್ಡಿಲ್ಲ. ಬೇರೆ ದಾರಿ?

ಹಿಡಿಕೆಯಿರುವ ಐದು ಲೀಟರಿನ ಎಣ್ಣೆ ಕ್ಯಾನ್‌ಗೆ ಒಣ ಮರಳು ತುಂಬಿದರೆ ಸುಮಾರು ಎಂಟು ಕಿಲೋ. ಇದನ್ನು ಹಿಡಿದು ನಡೆಯಬಹುದು, ಬೀಸುವುದು ಬೇಡ, ಪ್ಲಾಸ್ಟಿಕ್ ಹಿಡಿಕೆಯನ್ನು ನಂಬುವಂತಿಲ್ಲ. ಬೀಸಲೇಬೇಕೆಂದರೆ ಒಂದು ಗಟ್ಟಿ ಚೀಲದಲ್ಲಿ ಮರಳು ತುಂಬಿ, ಬಾಯಿಯನ್ನು ಎತ್ತಿನ ಹಗ್ಗದಿಂದ ಕಟ್ಟಿ, ಅದೇ ಹಗ್ಗದ ಕುಣಿಕೆಯನ್ನು ಹಿಡಿಕೆ ಮಾಡಿಕೊಳ್ಳಿ. ನೀರಿನ ನಳದ ಕಬ್ಬಿಣದ ಪೈಪು, T ಆಕಾರದ ಒಂದು ಪೈಪು ಜೋಡಣೆ, ಕೆಳಗೆ ಜಿಮ್ಮಿನ ಹಳೆಯ ತಟ್ಟೆಗಳನ್ನು ಪೋಣಿಸಿ ಬಿಗಿದದ್ದೂ ನಡೆಯುತ್ತದೆ, ತೂಕವನ್ನೂ ಬದಲಾಯಿಸಬಹುದು. ಅಡತಿ ಅಂಗಡಿಯವರು ಎಲೆಕ್ಟ್ರಾನಿಕ್ ತಕ್ಕಡಿ ತಂದಮೇಲೆ ಮೂಲೆಗೆ ಎಸೆದ 20 ಕಿಲೋ ತೂಕದ ಕಲ್ಲೊಂದು ಗುಜರಿಯಲ್ಲಿ ಸಿಕ್ಕರೆ ಬಿಡಬೇಡಿ. ಅದರ ಹಿಡಿ ಚಿಕ್ಕದು, ಬೆರಳು ಮೂರೇ ಹಿಡಿಯುತ್ತವೆ. ಹಿಡಿದು ನಡೆಯಲು ಅದಕ್ಕಿಂತ ಕ್ರೂರವಾದ ಸಾಧನ ನಾನು ಕಂಡಿಲ್ಲ.

ಕೆಟಲ್‌ಬೆಲ್‌ನಲ್ಲಿ ಹಿಡಿತಕ್ಕೆ ಯಾವ ಯಾವ ವ್ಯಾಯಾಮ?

ಮೊದಲು ಎರಡು ಕೈಯ ಬೀಸು. ಕಾಲು ಭುಜದಗಲ, ಬೆನ್ನು ನೇರ, ಸೊಂಟದಲ್ಲಿ ಮಡಿದು ಗುಂಡನ್ನು ತೊಡೆಗಳ ನಡುವೆ ಹಿಂದಕ್ಕೆ ಬಿಟ್ಟು, ಸೊಂಟದ ತಳ್ಳಿನಿಂದ ಎದೆಯ ಎತ್ತರಕ್ಕೆ ಹಾರಿಸುವುದು. ತೋಳು ಎತ್ತುವುದಿಲ್ಲ, ತೋಳು ಹಗ್ಗ ಮಾತ್ರ. ಬಸ್ಕಿ ಹೊಡೆದು ರೂಢಿಯಿದ್ದವರು ಇಲ್ಲಿ ಮೊಣಕಾಲು ಮಡಿಸಿ ಕೂರುತ್ತಾರೆ. ಅದು ತಪ್ಪು, ಇದು ಬಸ್ಕಿಯಲ್ಲ. ಕಣಿವೆಯ ತಳಕ್ಕೆ ಬಂದಾಗ, ಅಂದರೆ ಗುಂಡು ಅತಿ ವೇಗವಾಗಿ ಕೆಳಗೆ ಹಾಯುವಾಗ, 16 ಕಿಲೋ ಬೆರಳಿಗೆ ಎರಡು ಪಟ್ಟಿನಷ್ಟು ಭಾರವಾಗಿ ಎಳೆಯುತ್ತದೆ. ಹಿಡಿತಕ್ಕೆ ಕೂಲಿ ಸಿಗುವುದು ಅಲ್ಲೇ.

ಎರಡು ಕೈಯಲ್ಲಿ ಇಪ್ಪತ್ತು ಬೀಸು ಸಲೀಸಾದ ಮೇಲೆ ಒಂದು ಕೈ. ಹತ್ತು ಬಲ, ಹತ್ತು ಎಡ. ಹಿಡಿಕೆಯನ್ನು ಅಂಗೈ ನಡುವೆ ಅಮುಕಬೇಡಿ, ಬೆರಳುಗಳ ಬುಡದಲ್ಲಿ ಕೊಕ್ಕೆಯಂತೆ ಸಿಕ್ಕಿಸಿಕೊಳ್ಳಿ. ಮೇಲೆ ತೇಲುವ ಆ ಅರೆಕ್ಷಣ ಸಡಿಲ ಬಿಡಿ, ಇಳಿಯುವಾಗ ಬಿಗಿಯಿರಿ. ಸದಾ ಬಿಗಿದುಕೊಂಡೇ ಇರುವವನು ಐವತ್ತು ಬೀಸಿಗೆ ಸೋಲುತ್ತಾನೆ.

ಆಮೇಲೆ ಟವೆಲಿನ ಬೀಸು. ಟವೆಲಿಗೆ ಹೆಸರಾದ ಸೊಲ್ಲಾಪುರದ ಹತ್ತಿರ ಹುಟ್ಟಿ ಇದನ್ನು ಮಾಡದಿದ್ದರೆ ಹೇಗೆ? ಗಟ್ಟಿ ನೇಯ್ಗೆಯ ಟವೆಲನ್ನು ಹಿಡಿಕೆಯೊಳಗೆ ತೂರಿಸಿ, ಎರಡು ತುದಿಗಳನ್ನು ಒಂದೊಂದು ಕೈಯಲ್ಲಿ ಹಿಡಿದು ಬೀಸುವುದು. ಬೆರಳು ಸುತ್ತಿಕೊಳ್ಳಲು ಗಟ್ಟಿ ಕಬ್ಬಿಣವಿಲ್ಲ, ಜಾರುವ ಬಟ್ಟೆ. ಮಾಮೂಲಿ ತೂಕದ ಅರ್ಧದಿಂದ ಆರಂಭಿಸಿ. ಹಳೆಯ, ನೂಲು ಬಿಟ್ಟ ಟವೆಲು ಬೇಡ. ಎದುರಿಗೆ ಮನುಷ್ಯರಾಗಲಿ ಗೋಡೆಯಾಗಲಿ ಇರಬಾರದು.

ನನ್ನ ಮೆಚ್ಚಿನದು ತಲೆಕೆಳಗು ಹಿಡಿತ. ಹಿಡಿಕೆ ಕೆಳಗೆ, ಗುಂಡು ಮುಷ್ಟಿಯ ಮೇಲೆ, ಕಲಶದ ಮೇಲೆ ತೆಂಗಿನಕಾಯಿ ಇಟ್ಟ ಹಾಗೆ. ಮೊಣಕೈ ಪಕ್ಕೆಗೆ ಹತ್ತಿರ, ಮಣಿಕಟ್ಟು ನೇರ, ಹತ್ತು ಎಣಿಸುವವರೆಗೆ ನಿಲ್ಲಿಸಿ. ಗುಂಡು ಯಾವ ಕಡೆಗೆ ವಾಲಿದರೂ ಇಡೀ ಕೈ ಒಟ್ಟಿಗೆ ಬಿಗಿಯಲೇಬೇಕು. ಇದರಲ್ಲಿ ಮೋಸಕ್ಕೆ ಜಾಗವಿಲ್ಲ. 24 ಕಿಲೋವನ್ನು ತಲೆಯ ಮೇಲಕ್ಕೆ ಒತ್ತಿ ಎತ್ತುವ ಹುಡುಗರು 8 ಕಿಲೋವನ್ನು ತಲೆಕೆಳಗು ನಿಲ್ಲಿಸಲಾಗದೆ ಒದ್ದಾಡುವುದನ್ನು ನೋಡುವುದು ನನ್ನ ಬೆಳಗಿನ ಸಣ್ಣ ಸಂತೋಷ. ಬಿದ್ದರೆ ಹಿಡಿಯಲು ಹೋಗಬೇಡಿ, ಕಾಲು ತೆಗೆಯಿರಿ.

ಕೊನೆಗೆ ಹಿಡಿದು ನಡೆಯುವುದು. ಎರಡು ಕೈಯಲ್ಲಿ ಎರಡು, ಬೆನ್ನು ನೆಟ್ಟಗೆ, ತಾಲೀಮಿನ ಬಾಗಿಲಿನಿಂದ ಬೇವಿನ ಮರದವರೆಗೆ, ಮತ್ತೆ ಹಿಂದಕ್ಕೆ. ಒಂದೇ ಕೈಯಲ್ಲಿ ಹಿಡಿದು ನಡೆದರೆ ಪಕ್ಕೆಗೂ ಕೆಲಸ.

ಚಿವುಟು ಹಿಡಿತಕ್ಕೆ?

ಶಹಾಬಾದ ಫರಸಿ, ಅಂದರೆ ನೆಲಕ್ಕೆ ಹಾಸುವ ಕಲ್ಲಿನ ಚಪ್ಪಡಿ. ಮನೆ ಕಟ್ಟಿದ ಕಡೆ ಉಳಿದ, ಒಂದಡಿ ಚದರ, ಒಂದಂಗುಲ ದಪ್ಪದ ತುಂಡು ಸುಮಾರು ಆರು ಕಿಲೋ ತೂಗುತ್ತದೆ. ಅಂಚನ್ನು ಮೇಲಿನಿಂದ ಐದೂ ಬೆರಳಲ್ಲಿ ಚಿವುಟಿ ಎತ್ತಿ ನಿಲ್ಲಿ. ಕೆಳಗೆ ಗೋಣಿಚೀಲ ಹಾಸಿರಿ. ಕಲ್ಲಿನ ಮೇಲಿನ ಕಾಳಜಿಯಿಂದ ಹೇಳುತ್ತಿಲ್ಲ, ನಿಮ್ಮ ಹೆಬ್ಬೆಟ್ಟಿಗಾಗಿ.

ಕೆಟಲ್‌ಬೆಲ್ ಇದ್ದಮೇಲೆ ಮುದ್ಗರ ಏಕೆ?

ಕೆಟಲ್‌ಬೆಲ್ ನೇರ ಕೆಳಕ್ಕೆ ಎಳೆಯುತ್ತದೆ. ಮುದ್ಗರ ಓರೆಗೆ ಎಳೆಯುತ್ತದೆ. ಎರಡು ಕಿಲೋ ಮುದ್ಗರದ ಭಾರದ ನಡುಬಿಂದು ಮುಷ್ಟಿಯಿಂದ 45 ಸೆಂಟಿಮೀಟರ್ ದೂರವಿದೆ ಎನ್ನಿ. ಅದನ್ನು ನೆಲಕ್ಕೆ ಸಮವಾಗಿ ಹಿಡಿದಾಗ ಮಣಿಕಟ್ಟಿಗೆ ಬೀಳುವ ಹೊರೆ, 10 ಸೆಂಟಿಮೀಟರ್ ದೂರದಲ್ಲಿ ಒಂಬತ್ತು ಕಿಲೋ ನೇತುಹಾಕಿದಷ್ಟು. ಹೀಗಾಗಿಯೇ ಎರಡು ಕಿಲೋ ಎಂದು ನಕ್ಕವರು ಐದು ನಿಮಿಷದಲ್ಲಿ ಮೈಗೆ ಹೊದ್ದ ಟವೆಲು ತೆಗೆದು ಮುಖ ಒರೆಸಿಕೊಳ್ಳುತ್ತಾರೆ. ಮುದ್ಗರದಲ್ಲಿ ತೂಕ ಅರ್ಧ ಮಾತು ಮಾತ್ರ, ಉದ್ದ ಇನ್ನರ್ಧ.

ಇನ್ನೊಂದು ಲಾಭವೂ ಇದೆ. ಬೀಸು ಒಂದೇ ದಾರಿಯಲ್ಲಿ ಹೋಗಿ ಬರುತ್ತದೆ. ಮುದ್ಗರ ತಿರುಗುವಾಗ ಮುಂಗೈ ಒಳಕ್ಕೂ ಹೊರಕ್ಕೂ ಹೊರಳುತ್ತದೆ, ಭುಜದ ಕೀಲು ಪೂರ್ತಿ ಸುತ್ತುತ್ತದೆ. ಬೀಗ ತೆರೆಯುವಾಗ, ಕುಸ್ತಿಯಲ್ಲಿ ಮಣಿಕಟ್ಟು ಬಿಡಿಸಿಕೊಳ್ಳುವಾಗ, ನಟ್ಟು ಬಿಗಿಯುವಾಗ ಬೇಕಾಗುವುದು ಆ ಹೊರಳುವ ಬಲವೇ.

ಮುದ್ಗರ ಮನೆಯಲ್ಲಿ ಮಾಡುವುದು ಹೇಗೆ?

ಮೂರು ದಾರಿಗಳಿವೆ. ಖರ್ಚಿಲ್ಲದ್ದರಿಂದ ಶುರುಮಾಡುತ್ತೇನೆ.

ಮೊದಲನೆಯದು ಬಾಟಲಿ. ಒಂದು ಲೀಟರಿನ ಗಟ್ಟಿ ಬಾಟಲಿಗೆ ಒಣ ಮರಳು ತುಂಬಿದರೆ ಸುಮಾರು 1.6 ಕಿಲೋ, ನೀರು ತುಂಬಿದರೆ ಒಂದು ಕಿಲೋ. ಮುರಿದ ಗುದ್ದಲಿಯ ಕಾವನ್ನು ಬಾಟಲಿಯ ಬಾಯಿಗೆ ಹೊಂದುವಂತೆ ಕೆತ್ತಿ, ತಳದವರೆಗೆ ತಾಗುವಂತೆ ಇಳಿಸಿ, ಸುತ್ತ ಮರಳು ತುಂಬಿ. ತಳದಿಂದ ಒಂದು ಸ್ಕ್ರೂ, ಕುತ್ತಿಗೆಗೆ ಸೈಕಲ್ ಟ್ಯೂಬಿನ ಪಟ್ಟಿ ಬಿಗಿಯಾಗಿ ಸುತ್ತಿದರೆ ಆಯಿತು. ಮರಳು ಅಲುಗಾಡದಂತೆ ಒತ್ತಿ ತುಂಬಬೇಕು. ಅರ್ಧ ತುಂಬಿದ ಬಾಟಲಿಯಲ್ಲಿ ಮರಳು ಓಡಾಡಿ ಎಳೆತ ಎಲ್ಲೆಲ್ಲೋ ಹೋಗುತ್ತದೆ. ಪಳಗಿದವರಿಗೆ ಅದೂ ಒಂದು ವ್ಯಾಯಾಮ, ಹೊಸಬರಿಗೆ ಬೇಡ.

ಎರಡನೆಯದು ಮರ, ನಿಜವಾದ ಮುದ್ಗರ ಅದೇ. ನಮ್ಮ ಕಡೆಯ ತಾಲೀಮುಗಳಲ್ಲಿ ಕರೇಲ ಎಂದೂ ಕರೆಯುತ್ತಾರೆ. ನಮ್ಮ ಬಯಲುಸೀಮೆಯಲ್ಲಿ ಸಾಗುವಾನಿ ಹುಡುಕುವುದು ಬೇಡ, ಕರಿಜಾಲಿ ಸಾಕು. ಬಂಡಿಗೂ ನೇಗಿಲಿಗೂ ಆಗುವ ಮರ ನಿಮ್ಮ ಕೈಗೆ ಆಗದಿರುತ್ತದೆಯೇ? ಒಣಗಿದ ಜಾಲಿ ಒಂದು ಲೀಟರಿನಷ್ಟು ಗಾತ್ರಕ್ಕೆ ಸುಮಾರು 800 ಗ್ರಾಂ ತೂಗುತ್ತದೆ. ಎಂಟು ಸೆಂಟಿಮೀಟರ್ ಅಡ್ಡಳತೆ, 60 ಸೆಂಟಿಮೀಟರ್ ಉದ್ದದ ದುಂಡು ತುಂಡು ಹೆಚ್ಚು ಕಡಿಮೆ 2.4 ಕಿಲೋ. ಹಿಡಿಕೆಯ ಕಡೆ ಕೆತ್ತಿ ತೆಗೆದಮೇಲೆ ಎರಡು ಕಿಲೋದ ಒಳಗೆ ಬರುತ್ತದೆ. ಹೊಸಬರಿಗೆ ಇದಕ್ಕಿಂತ ಹೆಚ್ಚು ಬೇಡ. ಹಸಿ ಮರವನ್ನು ಕೆತ್ತಬೇಡಿ. ತುದಿಗಳಿಗೆ ಮೇಣ ಇಲ್ಲವೇ ಬಣ್ಣ ಹಚ್ಚಿ ನೆರಳಿನಲ್ಲಿ ತಿಂಗಳುಗಟ್ಟಲೆ ಒಣಗಲು ಬಿಡಿ. ಬಿಸಿಲಿಗಿಟ್ಟರೆ ತುದಿಯಿಂದ ಸೀಳುತ್ತದೆ. ಬಡಿಗೇರರ ಹತ್ತಿರ ಮರವನ್ನು ತಿರುಗಿಸಿ ಕೆತ್ತುವ ಚರಕಿ ಇದ್ದರೆ ಅರ್ಧ ಗಂಟೆಯ ಕೆಲಸ, ಇಲ್ಲವಾದರೆ ಬಾಚಿಯಲ್ಲಿ ಕೆತ್ತಿ ಪಾಲಿಶ್ ಕಾಗದದಿಂದ ಉಜ್ಜಿ. ಹಿಡಿಕೆಯ ದಪ್ಪ ಮೂರರಿಂದ ಮೂರೂವರೆ ಸೆಂಟಿಮೀಟರ್. ತುದಿಯಲ್ಲಿ ಒಂದು ಗುಬುಟು ಬಿಡುವುದನ್ನು ಮರೆಯಬೇಡಿ. ಬೆವರಿದ ಕೈಯಿಂದ ಜಾರಿದರೂ ಕಿರುಬೆರಳು ಆ ಗುಬುಟಿಗೆ ಸಿಕ್ಕಿ ಉಳಿಯುತ್ತದೆ.

ಕೊನೆಗೆ ಎಣ್ಣೆ. ಅಗಸೆ ಎಣ್ಣೆ ಅಥವಾ ಕುಸುಬೆ ಎಣ್ಣೆಯನ್ನು ತೆಳ್ಳಗೆ ಹಚ್ಚಿ ಒರೆಸಿ ಬಿಡಿ. ಇವು ಗಾಳಿಗೆ ಒಣಗಿ ಗಟ್ಟಿಯಾಗುವ ಎಣ್ಣೆಗಳು. ಶೇಂಗಾ ಎಣ್ಣೆ ಹಚ್ಚಿದವರ ಮುದ್ಗರ ವರ್ಷವಾದರೂ ಜಿಗುಟಾಗಿಯೇ ಇರುತ್ತದೆ, ಇರುವೆಗಳೂ ಮುತ್ತುತ್ತವೆ. ಎಣ್ಣೆ ಒರೆಸಿದ ಬಟ್ಟೆಯನ್ನು ಮುದ್ದೆ ಮಾಡಿ ಎಸೆಯಬೇಡಿ. ಅಗಸೆ ಎಣ್ಣೆ ಒಣಗುವಾಗ ಬಿಸಿಯಾಗುತ್ತದೆ, ಮುದ್ದೆ ಬಟ್ಟೆ ತಾನಾಗಿಯೇ ಹೊತ್ತಿಕೊಳ್ಳಬಹುದು. ಬಿಡಿಸಿ ಹರವಿ ಒಣಗಿಸಿ.

ಮೂರನೆಯದು ಸಿಮೆಂಟಿನ ಗದೆ. ಹಳೆಯ ಪ್ಲಾಸ್ಟಿಕ್ ಚೆಂಡನ್ನೋ ಡಬ್ಬವನ್ನೋ ಅಚ್ಚಾಗಿಟ್ಟು, ಉದ್ದ ಕಾವು ನಿಲ್ಲಿಸಿ ಕಾಂಕ್ರೀಟು ಸುರಿಯುವುದು. 16 ಸೆಂಟಿಮೀಟರ್ ಅಡ್ಡಳತೆಯ ಗುಂಡು ಐದು ಕಿಲೋ, 20 ಸೆಂಟಿಮೀಟರಿನದು ಹತ್ತು. ನಾಲ್ಕು ಸೆಂಟಿಮೀಟರ್ ಹೆಚ್ಚಿದರೆ ತೂಕ ದುಪ್ಪಟ್ಟು ಎಂಬುದನ್ನು ಅಚ್ಚು ಆರಿಸುವ ಮೊದಲೇ ಯೋಚಿಸಿ. ಸುರಿದಮೇಲೆ ಕನಿಷ್ಠ ಒಂದು ವಾರ ಒದ್ದೆ ಗೋಣಿ ಸುತ್ತಿ ನೀರುಣಿಸಿ.

ಇಲ್ಲಿ ನನ್ನ ಮೂರ್ಖತನದ ಒಂದು ಮಾತು. ನನ್ನ ಮೊದಲ ಗದೆಗೆ ಹಸಿ ಬಿದಿರಿನ ಕೋಲು ಹಾಕಿದ್ದೆ. ಯುಗಾದಿಯ ಹೊತ್ತಿಗೆ ಬಿದಿರು ಒಣಗಿ ಕುಗ್ಗಿತು, ಕಾಂಕ್ರೀಟು ಕುಗ್ಗಲಿಲ್ಲ. ಒಂದು ಬೆಳಗ್ಗೆ ಬೆನ್ನ ಹಿಂದಿನಿಂದ ತಿರುಗಿಸಿ ತರುವಾಗ ಕೈಯಲ್ಲಿ ಕೋಲು ಮಾತ್ರ ಇತ್ತು. ಗುಂಡು ಹೋಗಿ ಕಾಕಾನ ಮನೆಯ ನೀರಿನ ಡ್ರಮ್ಮಿನೊಳಗೆ ಪಕ್ಕದಿಂದ ಪ್ರವೇಶಿಸಿತ್ತು. ಬೇಸಿಗೆಯಲ್ಲಿ, ಟ್ಯಾಂಕರ್ ಬರುವ ಊರಿನಲ್ಲಿ, ತುಂಬಿದ ಡ್ರಮ್ಮು. ಕಾಕಾ ಏನೂ ಅನ್ನಲಿಲ್ಲ, ಕಾಕು ಅಂದಳು. ಅಂದಿನಿಂದ ಒಣಗಿದ ಮರದ ಕಾವು ಅಥವಾ ಕಬ್ಬಿಣದ ಪೈಪು ಮಾತ್ರ, ಅದೂ ಕಾಂಕ್ರೀಟಿನೊಳಗೆ ಮುಳುಗುವ ಭಾಗದಲ್ಲಿ ಅಡ್ಡಡ್ಡಲಾಗಿ ಎರಡು ಉದ್ದ ಮೊಳೆಗಳನ್ನು ಹೊಡೆದು. ಪ್ರತಿದಿನ ತಿರುಗಿಸುವ ಮೊದಲು ಗುಂಡನ್ನು ನೆಲಕ್ಕೂರಿ ಕಾವನ್ನು ಅಲುಗಾಡಿಸಿ ನೋಡುತ್ತೇನೆ.

ತಿರುಗಿಸುವುದು ಹೇಗೆ?

ಬರೆದು ಕಲಿಸುವ ವಿದ್ಯೆಯಲ್ಲ, ಆದರೂ ದಾರಿ ಹೇಳುತ್ತೇನೆ. ಮೊದಲ ವಾರ ಗಡಿಯಾರದ ಲೋಲಕದಂತೆ ಮುಂದೆ ಹಿಂದೆ ತೂಗಾಡಿಸಿ, ಅಷ್ಟೇ. ಎರಡನೆಯ ವಾರ ದೇಹದ ಮುಂದೆ ಪೂರ್ತಿ ವೃತ್ತ, ಒಳಕ್ಕೆ ಹತ್ತು, ಹೊರಕ್ಕೆ ಹತ್ತು. ಆಮೇಲೆ ಬೆನ್ನ ಹಿಂದಿನ ತೂಗು: ಮುದ್ಗರವನ್ನು ಭುಜದ ಮುಂದೆ ನೆಟ್ಟಗೆ ಹಿಡಿದು, ತಲೆಯ ಪಕ್ಕದಿಂದ ಬೆನ್ನ ಹಿಂದೆ ಇಳಿಬಿಟ್ಟು, ಲೋಲಕದಂತೆ ಹಾದು, ಇನ್ನೊಂದು ಬದಿಯಿಂದ ಮುಂದೆ ತರುವುದು. ಮೊಣಕೈ ಆಕಾಶ ನೋಡಬೇಕು. ಬೆನ್ನ ಹಿಂದೆ ಮುದ್ಗರ ಇಳಿಯುವಾಗ ಹಿಡಿತ ಕೊಂಚ ಸಡಿಲ, ಮುಂದೆ ಬಂದು ನಿಲ್ಲಿಸುವಾಗ ಗಟ್ಟಿ. ಆ ನಿಲ್ಲಿಸುವ ಕ್ಷಣವನ್ನು ತಪ್ಪಿಸಬೇಡಿ. ಸರಸರ ತಿರುಗಿಸುತ್ತ ಹೋದರೆ ನೋಡಲು ಚೆಂದ, ಆದರೆ ಕೆಲಸವನ್ನೆಲ್ಲ ವೇಗವೇ ಮಾಡಿಬಿಡುತ್ತದೆ. ಪ್ರತಿ ಸುತ್ತಿಗೂ ಒಮ್ಮೆ ಮುದ್ಗರವನ್ನು ನೆಟ್ಟಗೆ ನಿಲ್ಲಿಸಿ, ಒಂದು ಉಸಿರು ಬಿಟ್ಟು ಮುಂದುವರಿಸಿ.

ಕೊನೆಗೆ ವಾಲಿಸುವ ವ್ಯಾಯಾಮ. ತೋಳು ಪಕ್ಕೆಗೆ, ಮೊಣಕೈ ಮಡಿಸಿ, ಮುದ್ಗರ ನೆಟ್ಟಗೆ. ಮಣಿಕಟ್ಟಿನಿಂದ ಮಾತ್ರ ನಿಧಾನವಾಗಿ ಎಡಕ್ಕೆ ಮಲಗಿಸಿ, ಎತ್ತಿ, ಬಲಕ್ಕೆ ಮಲಗಿಸಿ, ಎತ್ತಿ. ಭಾರವಾದರೆ ಮುದ್ಗರ ಬದಲಿಸುವುದು ಬೇಡ, ಕೈಯನ್ನು ಎರಡು ಬೆರಳು ಮೇಲಕ್ಕೆ ಜರುಗಿಸಿ. ವಾರಗಳು ಕಳೆದಂತೆ ಮತ್ತೆ ಕೆಳಕ್ಕೆ ಇಳಿಯುತ್ತ ಬನ್ನಿ. ಒಂದೇ ಮುದ್ಗರದಲ್ಲಿ ಹತ್ತು ತೂಕ ಅಡಗಿದೆ.

ಮುದ್ಗರ ನಮ್ಮದು, ಹೊರಗಿನವರಿಗೆ ಇದು ಗೊತ್ತಿಲ್ಲ ಅಲ್ಲವೇ?

ಗೊತ್ತಿದೆ, ನಮಗಿಂತ ಚೆನ್ನಾಗಿ ನೆನಪಿಟ್ಟುಕೊಂಡವರೂ ಇದ್ದಾರೆ. 19ನೇ ಶತಮಾನದಲ್ಲಿ ಇಲ್ಲಿದ್ದ ಬ್ರಿಟಿಷ್ ಸೈನಿಕರು ನಮ್ಮ ಗರಡಿಗಳಲ್ಲಿ ಇದನ್ನು ನೋಡಿ, ಹಗುರ ಮಾಡಿಕೊಂಡು ತಮ್ಮ ಕವಾಯತಿಗೆ ಸೇರಿಸಿಕೊಂಡರು. ಅಲ್ಲಿಂದ ಯುರೋಪು, ಅಮೆರಿಕದ ಶಾಲೆಗಳಿಗೂ ಹೋಯಿತು. 1904ರ ಸೇಂಟ್ ಲೂಯಿಸ್, 1932ರ ಲಾಸ್ ಏಂಜಲೀಸ್ ಒಲಿಂಪಿಕ್ಸ್‌ಗಳಲ್ಲಿ ಮುದ್ಗರ ತಿರುಗಿಸುವುದೇ ಒಂದು ಸ್ಪರ್ಧೆಯಾಗಿತ್ತು, ಎರಡೂ ಸಲ ಚಿನ್ನ ಗೆದ್ದವರು ಅಮೆರಿಕದವರು. ನಮ್ಮ ಭಾಗದ ಮಣ್ಣಿನ ಕುಸ್ತಿ ಒಲಿಂಪಿಕ್ಸ್ ಪದಕ ತಂದದ್ದು 1952ರಲ್ಲಿ, ಹೆಲ್ಸಿಂಕಿಯಲ್ಲಿ. ಕರಾಡದ ಹತ್ತಿರದ ಗೋಳೇಶ್ವರದ ಖಾಶಾಬಾ ಜಾಧವರ ಕಂಚು ಅದು, ಸ್ವತಂತ್ರ ಭಾರತದ ಮೊದಲ ವೈಯಕ್ತಿಕ ಪದಕ. ಕೊಲ್ಹಾಪುರದಲ್ಲಿ ಶಾಹೂ ಮಹಾರಾಜರು 1912ರಲ್ಲಿ ಕಟ್ಟಿಸಿದ ಖಾಸಬಾಗ ಮೈದಾನ ಇಂದಿಗೂ ಇದೆ. ಹೋದರೆ ತಾಲೀಮುಗಳ ಮೂಲೆಯಲ್ಲಿ ಒರಗಿಸಿಟ್ಟ ಮುದ್ಗರಗಳನ್ನೂ ನೋಡಿ ಬನ್ನಿ. ಹಿಡಿಕೆಗಳು ಬೆವರಿನಿಂದ ಕಪ್ಪಾಗಿರುತ್ತವೆ.

ವಾರಕ್ಕೆ ಎಷ್ಟು ದಿನ?

ಮೂರು. ಸೋಮವಾರ ಬೀಸು ಮತ್ತು ನಡಿಗೆ, ಬುಧವಾರ ಮುದ್ಗರ, ಶುಕ್ರವಾರ ತಲೆಕೆಳಗು ಮತ್ತು ಫರಸಿ. ಆ ಒಂದೊಂದು ದಿನವೂ ಇಪ್ಪತ್ತರಿಂದ ಮೂವತ್ತು ನಿಮಿಷ. ಕಬ್ಬು ಕಡಿಯುವ ಹಂಗಾಮಿನಲ್ಲಿ ಒಂದೇ ದಿನ ಸಾಕು, ಕುಡುಗೋಲೇ ಉಳಿದದ್ದನ್ನು ಮಾಡಿಸುತ್ತದೆ. ಹಗುರ ಮುದ್ಗರವನ್ನು ಮೈ ಬಿಸಿಯಾಗಲು ನಿತ್ಯ ತಿರುಗಿಸಿದರೆ ತಪ್ಪಿಲ್ಲ.

ಮೊಣಕೈ ನೋಯುತ್ತಿದೆ. ಏನು ಮಾಡಲಿ?

ನಿಲ್ಲಿಸಿ. ಇದನ್ನು ನಾನು ಅನುಭವಿಸಿ ಹೇಳುತ್ತಿದ್ದೇನೆ. ಐದು ಕಿಲೋ ಮುದ್ಗರ ಕೈಗೆ ಬಂದ ಹುಮ್ಮಸ್ಸಿನಲ್ಲಿ ಎರಡು ವಾರ ದಿನಾ ತಿರುಗಿಸಿದೆ. ಮಾಂಸಖಂಡ ಒಪ್ಪಿತು, ರಜ್ಜು ಒಪ್ಪಲಿಲ್ಲ. ಸ್ನಾಯುರಜ್ಜುಗಳಿಗೆ ರಕ್ತದ ಓಡಾಟ ಕಡಿಮೆ, ಅವು ಮಾಂಸಖಂಡಕ್ಕಿಂತ ತುಂಬಾ ನಿಧಾನವಾಗಿ ಗಟ್ಟಿಯಾಗುತ್ತವೆ. ಮೊಣಕೈಯ ಒಳಮೂಳೆಯಲ್ಲಿ ಶುರುವಾದ ನೋವು ಮೂರು ತಿಂಗಳು ಬಿಡಲಿಲ್ಲ. ಚಹಾದ ಕೆಟಲಿ ಬಗ್ಗಿಸಲೂ ಎಡಗೈ ಬೇಕಾಯಿತು. ತಾಲೀಮಿನ ಹುಡುಗರು ಕೆಟಲ್‌ಬೆಲ್ ಉಸ್ತಾದರಿಗೆ ಕೆಟಲಿ ಭಾರವಾಯಿತು ಎಂದು ನಕ್ಕದ್ದು ನನ್ನ ಕಿವಿಗೂ ಬಿತ್ತು.

ಒಳಮೂಳೆ ನೋಯುತ್ತಿದ್ದರೆ ಬಿಗಿಯುವ ಸ್ನಾಯುಗಳ ತಕರಾರು, ಹೊರಮೂಳೆ ನೋಯುತ್ತಿದ್ದರೆ ಬಿಡಿಸುವ ಸ್ನಾಯುಗಳದ್ದು. ಎರಡಕ್ಕೂ ಮೊದಲು ತೂಕ ಇಳಿಸಿ. ನೋವು ತಗ್ಗಿದಮೇಲೆ ಅರ್ಧ ಕಿಲೋದಷ್ಟು ಹಗುರವಾದದ್ದನ್ನು ಹಿಡಿದು ಮಣಿಕಟ್ಟನ್ನು ತುಂಬ ನಿಧಾನವಾಗಿ ಇಳಿಸುವ ಅಭ್ಯಾಸ ಮಾಡಿ. ಎತ್ತಲು ಇನ್ನೊಂದು ಕೈಯ ಸಹಾಯ ಪಡೆಯಿರಿ. ನೋವು ಬರದಂತೆ ತಡೆಯಲು ಬೆರಳು ಬಿಡಿಸುವ ಕೆಲಸವೂ ಬೇಕು. ಜೋಳದ ಡಬ್ಬಿಯಲ್ಲಿ ಮುಷ್ಟಿ ತೂರಿಸಿ, ಕಾಳಿನ ನಡುವೆ ಬೆರಳುಗಳನ್ನು ಅಗಲಿಸಿ. ಮೂವತ್ತು ಸಲ ಮಾಡಿದರೆ ಮುಂಗೈಯ ಹೊರಭಾಗ ಉರಿಯುತ್ತದೆ. ಕೈ ತೊಳೆದು ಮಾಡಿ, ರಾತ್ರಿ ರೊಟ್ಟಿ ಅದೇ ಜೋಳದ್ದು.

ರಾತ್ರಿ ಹೊತ್ತು ಹೆಬ್ಬೆರಳು, ತೋರುಬೆರಳು, ನಡುಬೆರಳು ಜೋಮು ಹಿಡಿದು ಎಚ್ಚರವಾಗುತ್ತಿದ್ದರೆ ಅದು ಮಣಿಕಟ್ಟಿನ ಸುರಂಗದಲ್ಲಿ ನರ ಒತ್ತಿಕೊಂಡ ಲಕ್ಷಣವಿರಬಹುದು. ಉಸ್ತಾದರ ಹತ್ತಿರ ಬರಬೇಡಿ, ವೈದ್ಯರ ಹತ್ತಿರ ಹೋಗಿ.

ಅಂಗೈ ಕಿತ್ತುಹೋಗುತ್ತಿದೆ. ಕೈಗವಸು ಹಾಕಿಕೊಳ್ಳಲೇ?

ಬೇಡ. ಬಟ್ಟೆ ಮಡಿದು ಇನ್ನಷ್ಟು ಉಜ್ಜುತ್ತದೆ. ಜಡ್ಡುಗಟ್ಟುವುದು ಸಹಜ, ಜಡ್ಡು ದಿಬ್ಬದಂತೆ ಏರಲು ಬಿಡುವುದು ತಪ್ಪು. ಏರಿದ್ದು ಹಿಡಿಕೆಗೆ ಸಿಕ್ಕಿ ಕಿತ್ತುಬರುತ್ತದೆ. ಸ್ನಾನದಲ್ಲಿ ಹಿಮ್ಮಡಿ ಉಜ್ಜುವ ಕಲ್ಲಿನಿಂದಲೇ ಅಂಗೈಯನ್ನೂ ಸವರಿ ಸಮಮಾಡಿ. ಬೆವರಿಗೆ ಪೈಲ್ವಾನರ ಮದ್ದೇ ಸಾಕು: ಅಖಾಡದ ಒಣ ಕೆಮ್ಮಣ್ಣು ಒಂದು ಚಿಟಿಕೆ. ಜಿಮ್ಮಿನವರು ಬಳಸುವ ಬಿಳಿ ಪುಡಿ ಮೆಗ್ನೀಸಿಯಂ ಕಾರ್ಬೊನೇಟ್, ಅದೂ ಒಳ್ಳೆಯದೇ. ನಮ್ಮಲ್ಲಿ ಬೇಸಿಗೆಯ ಬಿಸಿಲು 40 ಡಿಗ್ರಿ ದಾಟುತ್ತದೆ. ಅಂಗಳದಲ್ಲಿ ಬಿಟ್ಟ ಕೆಟಲ್‌ಬೆಲ್ ಮಧ್ಯಾಹ್ನ ಹೆಂಚಾಗಿರುತ್ತದೆ, ನೆರಳಿಗಿಡಿ.

ಹೆಣ್ಣುಮಕ್ಕಳಿಗೆ ಇದು ಸರಿಹೋಗುತ್ತದೆಯೇ? ಕೈ ಒರಟಾಗುವುದಿಲ್ಲವೇ?

ದಿನಕ್ಕೆ ಮೂವತ್ತು ರೊಟ್ಟಿ ಬಡಿದು, ಎರಡು ಎಮ್ಮೆ ಹಿಂಡಿ, ಬೆಳೆಗೆ ಕಳೆ ತೆಗೆಯುವ ಕೈ ಒರಟಾಗುತ್ತದೆಯೆಂದು ಯಾರೂ ಚಿಂತಿಸಿದ್ದು ನಾನು ಕೇಳಿಲ್ಲ. ಮುದ್ಗರ ಕಂಡಕೂಡಲೇ ಈ ಕಾಳಜಿ ಎಲ್ಲಿಂದ ಬರುತ್ತದೆಯೋ! ನನ್ನ ತಂಗಿ ಒಂದೂವರೆ ಕಿಲೋದ ಜೋಡಿ ತಿರುಗಿಸುತ್ತಾಳೆ. ಅವಳು ಮುಚ್ಚಿದ ಉಪ್ಪಿನಕಾಯಿ ಭರಣಿ ತೆಗೆಯಲು ಮನೆಯಲ್ಲಿ ಅವಳನ್ನೇ ಕರೆಯಬೇಕು.

ಮಕ್ಕಳು? ರಕ್ತದೊತ್ತಡ ಇರುವವರು?

ಹತ್ತು ಹನ್ನೆರಡು ವರ್ಷದ ಮಕ್ಕಳಿಗೆ ನೀರು ತುಂಬಿದ ಅರ್ಧ ಲೀಟರಿನ ಬಾಟಲಿ ಕೊಟ್ಟು ಆಡಲು ಬಿಡಿ, ತೂಕದ ಪೈಪೋಟಿ ಬೇಡ. ರಕ್ತದೊತ್ತಡವಿರುವವರು ವೈದ್ಯರನ್ನು ಕೇಳಿಯೇ ಆರಂಭಿಸಿ. ಉಸಿರು ಕಟ್ಟಿ ಮುಷ್ಟಿ ಬಿಗಿದರೆ ಆ ಹೊತ್ತಿಗೆ ಒತ್ತಡ ಏರುತ್ತದೆ. ಎಣಿಕೆಯನ್ನು ಗಟ್ಟಿಯಾಗಿ ಬಾಯಿಬಿಟ್ಟು ಹೇಳುವುದು ಒಳ್ಳೆಯ ಉಪಾಯ, ಎಣಿಸುವವನು ಉಸಿರು ಕಟ್ಟಲಾರ.

ಹಿಡಿತ ಗಟ್ಟಿಯಿದ್ದರೆ ಆಯುಷ್ಯ ಹೆಚ್ಚು ಎನ್ನುತ್ತಾರಲ್ಲ?

2015ರಲ್ಲಿ ಲ್ಯಾನ್ಸೆಟ್ ಪತ್ರಿಕೆಯಲ್ಲಿ ಬಂದ ಅಧ್ಯಯನದ ಮಾತು ಅದು. ಭಾರತವೂ ಸೇರಿ 17 ದೇಶಗಳ ಸುಮಾರು 1.4 ಲಕ್ಷ ಜನರ ಹಿಡಿತ ಅಳೆದರು. ಹಿಡಿತ ಐದು ಕಿಲೋ ಕಡಿಮೆಯಾದಂತೆ ಸಾವಿನ ಅಪಾಯ ಶೇ 16ರಷ್ಟು ಹೆಚ್ಚಾಗಿ ಕಂಡಿತು. ಆದರೆ ಇದನ್ನು ತಲೆಕೆಳಗಾಗಿ ಓದಬೇಡಿ. ನಡೆಯುವ, ಎತ್ತುವ, ಸರಿಯಾಗಿ ಉಣ್ಣುವ ಮೈಯ ಸುದ್ದಿಯನ್ನು ಕೈ ಹೇಳುತ್ತದೆ. ಕುರ್ಚಿಯಲ್ಲಿ ಕೂತು ಸ್ಪ್ರಿಂಗಿನ ಚಿಮಟವನ್ನು ಒತ್ತುತ್ತಿದ್ದರೆ ಯಮನ ಲೆಕ್ಕ ಬದಲಾಗುವುದಿಲ್ಲ.

ಏನು ತಿನ್ನಬೇಕು?

ಜೋಳದ ರೊಟ್ಟಿ, ಕಾಳಿನ ಪಲ್ಯ, ಶೇಂಗಾ ಹಿಂಡಿ, ಹಾಲು, ಮೊಸರು, ಒಪ್ಪುವವರಿಗೆ ಮೊಟ್ಟೆ. ಹಿಡಿತಕ್ಕೆಂದೇ ಮಾರುವ ಪುಡಿಗಳ ಡಬ್ಬಿ ಖಾಲಿಯಾದಮೇಲೆ ಮರಳು ತುಂಬಲು ಉಪಯೋಗಕ್ಕೆ ಬರುತ್ತದೆ.

ಎಷ್ಟು ದಿನದಲ್ಲಿ ಫಲ ಕಾಣುತ್ತದೆ? ಅಳೆಯುವುದು ಹೇಗೆ?

ಮೊದಲ ದಿನವೇ ಮೂರು ಅಂಕಿ ಬರೆದಿಡಿ. ಮರದ ಕೊಂಬೆಗೆ ಎಷ್ಟು ಸೆಕೆಂಡು ಜೋತುಬೀಳುತ್ತೀರಿ, 8 ಕಿಲೋ ತಲೆಕೆಳಗು ಎಷ್ಟು ಹೊತ್ತು ನಿಲ್ಲುತ್ತದೆ, ವಾಲಿಸುವ ವ್ಯಾಯಾಮದಲ್ಲಿ ಕೈ ಹಿಡಿಕೆಯ ತುದಿಯಿಂದ ಎಷ್ಟು ಬೆರಳು ಮೇಲಿದೆ. ನಾಲ್ಕೈದು ವಾರಕ್ಕೆ ಮೊದಲೆರಡು ಬದಲಾಗುತ್ತವೆ. ಮೂರನೆಯದು ಹಟಮಾರಿ, ಒಂದು ಬೆರಳು ಇಳಿಯಲು ಕೆಲವೊಮ್ಮೆ ಎರಡು ತಿಂಗಳು.

ಮಳೆಗಾಲದಲ್ಲಿ ಮನೆಯೊಳಗೆ ತಿರುಗಿಸಬಹುದೇ?

ಪಡಸಾಲೆ ದೊಡ್ಡದಿದ್ದರೆ ಬಾಟಲಿಯದ್ದು ನಡೆಯುತ್ತದೆ. ಮರದ್ದನ್ನು ನಾನೂ ಒಮ್ಮೆ ತಿರುಗಿಸಿದ್ದೆ. ಈಗ ನಮ್ಮ ಪಡಸಾಲೆಯ ಫ್ಯಾನಿಗೆ ಎರಡೇ ಎಲೆ.